"ಅದು ನಮ್ಮ ಮನೆಯವರಿಗೆ ಗೊತ್ತು, ಮೇಡಂ"

ಊರು ತಿರುಗುವ ಕೆಲಸದವರು ನನ್ನ ಹತ್ತಿರ ಬಂದಾಗ ಮೊದಲು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಮನೇಲಿದ್ದಾಗ ಎಲ್ಲಾ ಸರಿ ಇರುತ್ತೆ ಮೇಡಂ. ಹೊರಗೆ ಹೋದ್ರೆ ಕೆಡುತ್ತೆ." ಬ್ಯಾಂಕಿನ ಆಡಿಟರ್ ಹೀಗೇ ಹೇಳಿದರು. ಬೋರ್‌ವೆಲ್ ಲಾರಿಯ ಚಾಲಕ ಹೀಗೇ ಹೇಳಿದರು. ಕಾಶಿಯಾತ್ರೆ ಮುಗಿಸಿ ಬಂದವರೇ ಆಸ್ಪತ್ರೆ ಸೇರಿದ ನಿವೃತ್ತ ಮೇಷ್ಟ್ರು ಕೂಡ ಇದನ್ನೇ ಹೇಳಿದರು. ಸಕ್ಕರೆ ಕಾಯಿಲೆಯವರನ್ನು ನೋಡುವ ಕ್ಲಿನಿಕ್ ಒಂದರಲ್ಲಿ ನಾನು ಆಪ್ತಸಲಹೆಗಾರ್ತಿ. ಈ ಮಾತು ಪೂರ್ತಿ ನಿಜ ಅಲ್ಲ ಅಂತ ಬಹಳ ಕಾಲದಿಂದ ಅನ್ನಿಸುತ್ತಿತ್ತು. ಎಲ್ಲಿ ನಿಜ ಅಲ್ಲ ಅನ್ನೋದು ಕಣ್ಣಿಗೆ ಕಟ್ಟಿದಂತೆ ಕಂಡಿದ್ದು ಬಸವರಾಜ್ ಅವರ ವಿಷಯದಲ್ಲಿ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ.

ವಯಸ್ಸು ಐವತ್ತರ ಹತ್ತಿರ. ಮನೆ ದಾವಣಗೆರೆ. ಬೀಜ, ಗೊಬ್ಬರ ಮಾರುವ ಕಂಪನಿಯೊಂದರಲ್ಲಿ ಏರಿಯಾ ಆಫೀಸರ್. ಸೋಮವಾರ ಬೆಳಗ್ಗೆ ಕಾರು ಹತ್ತಿದರೆ ಗದಗ, ಕೊಪ್ಪಳ, ಗಂಗಾವತಿ, ಸಿಂಧನೂರು, ಮಾನ್ವಿ ಅಂತ ಸುತ್ತಿ ಶುಕ್ರವಾರ ರಾತ್ರಿ ಮನೆಗೆ. ಸಕ್ಕರೆ ಕಾಯಿಲೆ ಬಂದು ಆರು ವರ್ಷ. ಬಿಪಿಯೂ ಇದೆ.

ಡಾಕ್ಟರು ಅವರನ್ನು ನನ್ನ ಹತ್ತಿರ ಕಳಿಸಲು ಕಾರಣ ಎರಡು ರಿಪೋರ್ಟ್. ಖಾಲಿ ಹೊಟ್ಟೆಯ ಸಕ್ಕರೆ 118. ಅದನ್ನು ನೋಡಿದರೆ ಚಿಂತೆ ಮಾಡುವಂಥದ್ದೇನಿಲ್ಲ. ಆದರೆ ಅದೇ ದಿನದ ರಕ್ತದಲ್ಲಿ ಎಚ್‌ಬಿಎ1ಸಿ 9.4. ನಮ್ಮ ಜನ ಮೂರು ತಿಂಗಳ ಟೆಸ್ಟ್ ಅನ್ನುತ್ತಾರಲ್ಲ, ಅದೇ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನ ರಕ್ತದಲ್ಲಿ ಓಡಾಡಿದ ಸಕ್ಕರೆ ಅದಕ್ಕೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ಟೆಸ್ಟಿಗೆ ಮೂರು ದಿನ ಮುಂಚೆ ಅನ್ನ ಬಿಟ್ಟು, ಸಿಹಿ ಬಿಟ್ಟು, ವಾಕಿಂಗ್ ಮಾಡಿಬಂದರೆ ಖಾಲಿ ಹೊಟ್ಟೆಯ ಲೆಕ್ಕ ಸರಿಹೋಗಬಹುದು, ಇದು ಸರಿಹೋಗುವುದಿಲ್ಲ. ಸಾಮಾನ್ಯವಾಗಿ 7ರ ಆಸುಪಾಸು ಇರಲಿ ಅಂತ ಡಾಕ್ಟರು ನೋಡುತ್ತಾರೆ. ಶನಿವಾರ, ಭಾನುವಾರ ಸರಿಯಾಗಿದ್ದು ಸೋಮವಾರ ಟೆಸ್ಟ್ ಮಾಡಿಸಿದ ಮನುಷ್ಯ ಇವರು.

ಮೊದಲ ಭೇಟಿಯಲ್ಲಿ ಅವರು ಕೊಟ್ಟ ಕಾರಣಗಳನ್ನೆಲ್ಲ ಕೇಳಿಸಿಕೊಂಡೆ. ಹೋಟೆಲ್ ಊಟ, ಹೊತ್ತಲ್ಲದ ಹೊತ್ತು, ಲಾಡ್ಜಿನ ನಿದ್ದೆ, ಟಾರ್ಗೆಟ್. ಒಂದೂ ಸುಳ್ಳಲ್ಲ. ಮುಂದಿನ ಸಲ ಟೂರಿಗೆ ಹೊರಡುವ ಬ್ಯಾಗ್ ಸಮೇತ ಬನ್ನಿ ಅಂದೆ.

ಸೋಮವಾರ ಬೆಳಗ್ಗೆ ಬ್ಯಾಗ್ ತಂದರು. ಮೇಜಿನ ಮೇಲೆ ಒಂದೊಂದೇ ತೆಗೆದಿಡಿ ಅಂದೆ. ಇಸ್ತ್ರಿ ಮಾಡಿದ ಶರ್ಟುಗಳು. ಭತ್ತದ ಬೀಜದ ಸ್ಯಾಂಪಲ್. ಡೀಲರ್‌ಗಳ ಬಾಕಿ ಪಟ್ಟಿ. ಶೇಂಗಾ ಚಟ್ನಿಪುಡಿಯ ಸ್ಟೀಲ್ ಡಬ್ಬಿ. ತೇವ ತಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ವಾಕಿಂಗ್ ಶೂ. ಕೊನೆಗೆ, ಲಗ್ನಪತ್ರಿಕೆಯ ಲಕೋಟೆಗಳನ್ನು ಕತ್ತರಿಸಿ ಮಾಡಿದ ಸಣ್ಣ ಸಣ್ಣ ಪೊಟ್ಟಣ. ಒಂದೊಂದರ ಮೇಲೂ ನೀಲಿ ಪೆನ್ನಿನಲ್ಲಿ ದುಂಡನೆಯ ಅಕ್ಷರ: ಸೋಮ ಬೆಳಗ್ಗೆ, ಸೋಮ ರಾತ್ರಿ, ಮಂಗಳ ಬೆಳಗ್ಗೆ. ಆ ವಾರದವು ಹತ್ತು. ಬ್ಯಾಗಿನ ತಳದಲ್ಲಿ ಹಿಂದಿನ ವಾರದವೂ ಇದ್ದವು. ಅವುಗಳಲ್ಲಿ ಬುಧವಾರದಿಂದ ಮುಂದಿನ ಒಂದನ್ನೂ ಒಡೆದಿರಲಿಲ್ಲ.

ಅದರ ಬಗ್ಗೆ ನಾನು ಏನೂ ಅನ್ನಲಿಲ್ಲ. 'ಸೋಮ ಬೆಳಗ್ಗೆ'ಯ ಪೊಟ್ಟಣವನ್ನು ಕಾಗದದ ಮೇಲೆ ಸುರಿದೆ. ಮೂರು ಮಾತ್ರೆ.

"ಇದು ಯಾವುದಕ್ಕೆ?"

ನೋಡಿದರು. "ಬಿಪಿದು ಇರಬೇಕು."

"ಇದು?"

"ಶುಗರ್‌ದು. ಅಲ್ಲ, ಅದು ಶುಗರ್‌ದು, ಇದು ಬಿಪಿದು."

"ಊಟಕ್ಕೆ ಮುಂಚೆ ತಗೊಳ್ಳೋದು ಯಾವುದು?"

"ಅದು ನಮ್ಮ ಮನೆಯವರಿಗೆ ಗೊತ್ತು, ಮೇಡಂ."

ಸಂಕೋಚವೇನೂ ಇರಲಿಲ್ಲ. ಹೆಂಡತಿಯ ಬಗ್ಗೆ ಹೆಮ್ಮೆಯಿಂದಲೇ ಹೇಳಿದರು. ಆರು ವರ್ಷದಿಂದ ನುಂಗುತ್ತಿರುವ ಮಾತ್ರೆಗಳು ಅವು. ಇನ್ನೂ ಸ್ವಲ್ಪ ಕೇಳಿದೆ. ಬೆಳಗ್ಗೆ ಆರಕ್ಕೆ ಎಬ್ಬಿಸೋದು ಯಾರು? ಅವರೇ. ಶೂ ಬಾಗಿಲಲ್ಲಿ ಇಡೋದು? ಅವರೇ. ತಟ್ಟೆಗೆ ಎಷ್ಟು ಅನ್ನ ಅಂತ ಲೆಕ್ಕ? ಅವರೇ ಬಡಿಸ್ತಾರೆ. ಕೊನೆಗೆ ಕೇಳಿದೆ: "ಮನೇಲಿದ್ದಾಗ ನಿಮ್ಮ ಆರೋಗ್ಯಕ್ಕೆ ಅಂತ ನೀವೇ ಮಾಡೋ ಕೆಲಸ ಯಾವುದು?"

ಬಹಳ ಹೊತ್ತು ಸುಮ್ಮನಿದ್ದರು. "ನಡೀತೀನಲ್ಲ" ಅಂದರು.

ಮನೆಯಲ್ಲಿ ಅಭ್ಯಾಸ ಚೆನ್ನಾಗಿದೆ, ದಾರಿಯಲ್ಲಿ ಕೆಡುತ್ತದೆ ಅಂತ ಅವರು ನಂಬಿದ್ದರು. ನನಗೆ ಕಂಡದ್ದು ಬೇರೆ. ಆ ಅಭ್ಯಾಸ ಮನೆಯಲ್ಲೂ ಅವರದಾಗಿರಲಿಲ್ಲ. ಹೆಂಡತಿಯದು. ಸೋಮವಾರ ಕಾರು ಹೊರಟಾಗ ಅದು ದಾವಣಗೆರೆಯಲ್ಲೇ ಉಳಿಯುತ್ತಿತ್ತು. ಕೊಪ್ಪಳದ ಲಾಡ್ಜಿಗೆ ಹೋಗುತ್ತಿದ್ದದ್ದು ಪೊಟ್ಟಣ ಮಾತ್ರ.

ಪೊಟ್ಟಣ ಒಡೆಯದಿರಲು ಇನ್ನೊಂದು ಕಾರಣವೂ ಅದೇ ದಿನ ಹೊರಬಂತು. ಹಿಂದಿನ ವರ್ಷ ಬೆಳಗ್ಗೆ ಮಾತ್ರೆ ನುಂಗಿ, ಡೀಲರ್ ಅಂಗಡಿಯಲ್ಲಿ ಕೆಲಸ ಬೆಳೆದು, ಮಧ್ಯಾಹ್ನ ಮೂರಾದರೂ ಊಟವಿಲ್ಲದೆ ಸಿಂಧನೂರು ರಸ್ತೆಯಲ್ಲಿ ಕಾರು ಓಡಿಸುವಾಗ ಮೈಯೆಲ್ಲ ಬೆವೆತು ಕೈ ನಡುಗಿತ್ತಂತೆ. ಕಣ್ಣು ಮಂಜಾಗಿ ಕಾರು ಪಕ್ಕಕ್ಕೆ ಹಾಕಿದ್ದರು. ಆಮೇಲೆ ದಾರಿಯಲ್ಲಿ ಮಾತ್ರೆ ಅಂದರೇ ಭಯ. ಮೂರರಲ್ಲಿ ಯಾವುದು ಹೀಗೆ ಮಾಡುತ್ತದೆ ಅಂತ ಗೊತ್ತಿಲ್ಲದ್ದರಿಂದ ಮೂರನ್ನೂ ಬಿಟ್ಟಿದ್ದರು. ಹೆಂಡತಿಗೆ ಹೇಳಿರಲಿಲ್ಲ, ಡಾಕ್ಟರಿಗೂ ಹೇಳಿರಲಿಲ್ಲ.

ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಾತ್ರೆ ಬದಲಿಸುವುದು, ನಿಲ್ಲಿಸುವುದು ನನ್ನ ಕೆಲಸ ಅಲ್ಲ. ಓದುವವರೂ ಇದನ್ನು ಓದಿ ಹಾಗೆ ಮಾಡಬೇಡಿ. ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆ ತಿಂದು ಊಟ ತಪ್ಪಿಸಿದರೆ ರಕ್ತದ ಸಕ್ಕರೆ ಇರಬೇಕಾದ್ದಕ್ಕಿಂತ ಕೆಳಗೆ ಇಳಿಯಬಹುದು. ಮೆಟ್‌ಫಾರ್ಮಿನ್ ಅನ್ನುವ ಇನ್ನೊಂದು ಶುಗರ್ ಮಾತ್ರೆಯನ್ನು ಮಾತ್ರ ತಗೊಳ್ಳುವವರಲ್ಲಿ ಹಾಗಾಗುವುದು ಬಹಳ ಅಪರೂಪ. ಈ ವ್ಯತ್ಯಾಸ ಗೊತ್ತಿದ್ದಿದ್ದರೆ ಅವರು ಒಂದು ವರ್ಷ ಹೀಗೆ ಹೆದರಿಕೊಂಡು ತಿರುಗುತ್ತಿರಲಿಲ್ಲ. ಡಾಕ್ಟರು ಟೂರಿನ ದಿನಚರಿ ಕೇಳಿ ಮಾತ್ರೆಯನ್ನೂ ಹೊತ್ತನ್ನೂ ಬದಲಿಸಿದರು. ಬೆವರು, ನಡುಕ ಬಂದರೆ ಮೊದಲು ಕಾರು ನಿಲ್ಲಿಸಿ, ಮೂರು ಚಮಚ ಸಕ್ಕರೆ ಇಲ್ಲವೇ ಗ್ಲೂಕೋಸ್ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ರಕ್ತದ ಸಕ್ಕರೆ ಎಷ್ಟಿದೆ ಅಂತ ನೋಡಿಕೊಳ್ಳಬೇಕು ಅಂತ ಹೇಳಿಕೊಟ್ಟರು. 70ಕ್ಕಿಂತ ಕೆಳಗಿದ್ದರೆ ಇನ್ನೊಮ್ಮೆ ಅಷ್ಟೇ. ಸರಿಹೋದ ಮೇಲೆ ಏನಾದರೂ ತಿಂದೇ ಮುಂದೆ ಹೊರಡಬೇಕು.

ನಾನು ಕೊಟ್ಟ ಸಲಹೆ ಕೇಳಿ ಅವರಿಗೆ ಆಶ್ಚರ್ಯ. ಟೂರಿನ ಬಗ್ಗೆ ಈಗ ಮಾತು ಬೇಡ. ಮೊದಲು ಮನೆಯಲ್ಲಿ ಮಾಡಿ. ಶನಿವಾರ, ಭಾನುವಾರ, ರಜೆಯ ದಿನ, ಮನೆಯಲ್ಲಿರುವಷ್ಟು ಹೊತ್ತು ನಿಮ್ಮ ಮಾತ್ರೆ ನೀವೇ ಸ್ಟ್ರಿಪ್ಪಿನಿಂದ ತೆಗೆಯಬೇಕು. ಅಲಾರಂ ನಿಮ್ಮದು. ಅನ್ನ ನೀವೇ ಬಡಿಸಿಕೊಳ್ಳಬೇಕು. ಸೋಮವಾರದ ಬ್ಯಾಗ್ ಭಾನುವಾರ ರಾತ್ರಿ ನೀವೇ ತುಂಬಬೇಕು. ಮನೆಯವರು ನೆನಪಿಸಬಾರದು.

ಇದಕ್ಕೆ ನಮ್ಮಲ್ಲೇ ವಿರೋಧ ಬಂತು. "ಸುಮ್ನೆ ಹೆಂಡತಿ ಕೈಲಿ ದಿನಕ್ಕೆರಡು ಸಲ ಫೋನ್ ಮಾಡಿಸಿದರೆ ಆಗ್ತಿತ್ತು ಅಲ್ವಾ?" ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ನನ್ನ ಅನುಭವದಲ್ಲಿ ಅದು ಆಗುವುದಿಲ್ಲ. ಅಂಗಡಿಯಲ್ಲಿ ನಾಲ್ಕು ಜನರ ನಡುವೆ ಫೋನ್ ಬಂದರೆ ಮನುಷ್ಯ "ಹ್ಞೂಂ, ತಗೊಂಡೆ" ಅಂದು ಇಡುತ್ತಾನೆ. ಆ ಸುಳ್ಳು ದಿನಾ ಬೆಳೆಯುತ್ತದೆ. ಹೆಂಡತಿ ಪೊಲೀಸ್ ಆಗುತ್ತಾಳೆ, ಗಂಡ ಕಳ್ಳನಾಗುತ್ತಾನೆ. ಇಷ್ಟು ವರ್ಷ ಪ್ರೀತಿಯಿಂದ ಪೊಟ್ಟಣ ಕಟ್ಟಿದವರನ್ನು ಆ ಸ್ಥಿತಿಗೆ ತರಲು ನನಗೆ ಮನಸ್ಸಿಲ್ಲ.

ಹೆಂಡತಿಗೂ ಕೋಪ ಬಂದಿತ್ತು. ಒಬ್ಬರೇ ಬಂದು ಕೂತರು. "ನಾನು ಕೊಟ್ಟರೂ ತಗೊಳ್ಳದವರು, ಕೊಡದಿದ್ರೆ ತಗೊಳ್ತಾರಾ? ಏನಾದ್ರೂ ಆದ್ರೆ ಯಾರು ಹೊಣೆ?" ನ್ಯಾಯವಾದ ಪ್ರಶ್ನೆ. ನಡುಕ, ಬೆವರು, ತಡವರಿಸುವ ಮಾತು ಕಂಡರೆ ಸಕ್ಕರೆ ನೀರು ಕೊಡಿ, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ ಅಂದೆ. ಉಳಿದದ್ದಕ್ಕೆಲ್ಲ ಕೈ ಕಟ್ಟಿ ಕೂತಿರಿ ಅಂದೆ. ವಾರದಲ್ಲಿ ಐದು ದಿನ ಅವರ ದೇಹ ಅವರ ಜೊತೆ ತಿರುಗುತ್ತದೆ, ನೀವು ಜೊತೆಗಿರುವುದಿಲ್ಲ. ನೀವು ಇಲ್ಲದ ಕಡೆ ನಡೆಯಬೇಕಾದ್ದನ್ನು ನೀವು ಇರುವ ಕಡೆಯೇ ಕಲಿಯಲಿ. ಮನೆಯಲ್ಲಿ ಒಂದು ಮಾತ್ರೆ ಮರೆತರೆ ಮರೆತದ್ದು ಗೊತ್ತಾಗುತ್ತದೆ. ಮಾನ್ವಿಯಲ್ಲಿ ಮರೆತರೆ ಯಾರಿಗೂ ಗೊತ್ತಾಗುವುದಿಲ್ಲ. ಇದು ನನ್ನ ಗಟ್ಟಿ ನಂಬಿಕೆ. ಇವತ್ತಿಗೂ ಇದೇ ಸಲಹೆ ಕೊಡುತ್ತೇನೆ.

ಮಾತಾಡುತ್ತಾ ಅವರ ಬಿಪಿ ನೋಡಿದೆ. 152/96. ಗಂಡನ ಬಿಪಿ ಮಾತ್ರೆ ವರ್ಷಗಟ್ಟಲೆ ಲೆಕ್ಕ ಹಾಕಿ ಕೊಟ್ಟ ಹೆಣ್ಣುಮಗಳು ತನ್ನ ಬಿಪಿ ಒಮ್ಮೆಯೂ ನೋಡಿಸಿರಲಿಲ್ಲ. ಇದು ನನಗೆ ನೋವು ಕೊಡುವ ಸಂಗತಿ, ಯಾಕೆಂದರೆ ಇಂಥ ಮನೆಗಳಲ್ಲಿ ಇದನ್ನೇ ನೋಡುತ್ತೇನೆ. ಮತ್ತೆ ಎರಡು ದಿನ ಬಿಟ್ಟು ನೋಡಿದಾಗಲೂ ಜಾಸ್ತಿಯೇ ಇತ್ತು. ಅವರಿಗೂ ಚಿಕಿತ್ಸೆ ಶುರುವಾಯಿತು.

ಮೊದಲ ವಾರಗಳು ಕಷ್ಟವಾದವು. ಒಂದು ಭಾನುವಾರ ಬಸವರಾಜ್ ಎರಡು ಹೊತ್ತೂ ಮಾತ್ರೆ ಮರೆತರು. ಹೆಂಡತಿ ಬಾಯಿ ಬಿಡಲಿಲ್ಲವಂತೆ, ಅದನ್ನು ನಾನು ದೊಡ್ಡದು ಅನ್ನುತ್ತೇನೆ. ಆಮೇಲೆ ಅವರೇ ಒಂದು ಉಪಾಯ ಮಾಡಿಕೊಂಡರು. ಮಾತ್ರೆಯನ್ನು ಕಾರಿನ ಬೀಗದ ಕೈ ಇಡುವ ಪರ್ಸಿನಲ್ಲೇ ಇಟ್ಟುಕೊಂಡರು. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡಬೇಡಿ ಅಂತ ಮಾತ್ರ ನಾನು ಸೇರಿಸಿದೆ. ರಾಯಚೂರು ಕಡೆಯ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಔಷಧಿ ಕೆಡುತ್ತದೆ.

ಆಮೇಲಷ್ಟೇ ದಾರಿಯ ಮಾತು ಎತ್ತಿದೆವು. ಊಟ ಅಷ್ಟು ತೊಂದರೆ ಕೊಡಲಿಲ್ಲ. ಆ ಸೀಮೆಯ ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಮೊಸರು ಸಿಗುತ್ತದೆ. ಹೊರಗೆ ಒಳ್ಳೆ ಊಟ ಸಿಗಲ್ಲ ಅನ್ನುವವರು ಪೂರಿ, ಮಿರ್ಚಿ ಮಾರುವ ಕಡೆಯೇ ಕೂತಿರುತ್ತಾರೆ. ರೊಟ್ಟಿಯಲ್ಲೂ ಸಕ್ಕರೆ ಏರಿಸುವ ಪಿಷ್ಟ ಇದೆ, ಹಾಗಾಗಿ ಎರಡು ಸಾಕು, ಆಮೇಲೆ ಬರುವ ಅನ್ನಕ್ಕೆ ಬೇಡ ಅನ್ನಿ ಅಂದೆ. ರಾತ್ರಿ ಊಟ ಆದಮೇಲೆ ಲಾಡ್ಜಿಗೆ ಹೋಗುವ ಮುಂಚೆ ಕಾಲು ಗಂಟೆ ನಡಿಗೆ. ಉಂಡ ಮೇಲಿನ ನಡಿಗೆ ಏರುವ ಸಕ್ಕರೆಯನ್ನು ತಗ್ಗಿಸುತ್ತದೆ. ಬೆಳಗಿನ ಒಂದು ಗಂಟೆಯ ವಾಕಿಂಗೇ ಆಗಬೇಕು ಅಂತ ಹಟ ಹಿಡಿದು ಏನೂ ಮಾಡದೆ ಇರುವುದಕ್ಕಿಂತ ಇದು ಎಷ್ಟೋ ಮೇಲು.

ಕಷ್ಟವಾಗಿದ್ದು ಟೀ. ಹೋದ ಅಂಗಡಿಯಲ್ಲೆಲ್ಲ ಟೀ ಬರುತ್ತದೆ. ಸಕ್ಕರೆ ಹಾಕಿಯೇ ಕುದಿಸಿದ್ದು. ಸಣ್ಣ ಲೋಟಕ್ಕೆ ಒಂದೇ ಚಮಚ ಅಂದುಕೊಂಡರೂ ಸುಮಾರು 5 ಗ್ರಾಂ. ಹತ್ತು ಅಂಗಡಿಗೆ 50 ಗ್ರಾಂ. ಹೀಗೆ ಸೇರಿಸಿಕೊಳ್ಳುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರಿಗೂ ಹೇಳುತ್ತದೆ. ಬೇಡ ಅನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಡೀಲರ್ ಬೇಜಾರಾಗುತ್ತಾರೆ ಅಂದರು. ಕೆದಕಿದಾಗ ನಿಜ ಹೇಳಿದರು: ತನಗೆ ಕಾಯಿಲೆ ಇದೆ ಅಂತ ಮಾರ್ಕೆಟ್ಟಿನಲ್ಲಿ ಗೊತ್ತಾದರೆ ಕಂಪನಿಗೂ ತಲುಪುತ್ತದೆ, ತಿರುಗಾಟಕ್ಕೆ ಆಗದ ಮನುಷ್ಯ ಅಂತ ಎಣಿಸುತ್ತಾರೆ ಅನ್ನುವ ಅಂಜಿಕೆ.

ಆ ಅಂಜಿಕೆಯನ್ನು ನಾನು ಹಗುರವಾಗಿ ತಗೊಳ್ಳಲಿಲ್ಲ. ಎಲ್ಲರಿಗೂ ಹೇಳಿ ಅನ್ನಲಿಲ್ಲ. ಬಹಳ ಸಲಿಗೆ ಇರುವ ಒಬ್ಬ ಡೀಲರ್‌ಗೆ ಹೇಳಿ ನೋಡಿ ಅಂದೆ. ಗಂಗಾವತಿಯ ಹಿರಿಯರೊಬ್ಬರಿಗೆ ಹೇಳಿದರು. ಅವರು ನಕ್ಕು, "ನನಗೂ ಐತಿ ತಗೋರಿ, ಹತ್ತ ವರ್ಸ ಆತು" ಅಂದು ಮಜ್ಜಿಗೆ ತರಿಸಿದರಂತೆ. ಅಲ್ಲಿಂದ ಮುಂದೆ ಒಂದೊಂದೇ ಅಂಗಡಿ ಸುಲಭವಾಯಿತು. ಈಗ ದಿನಕ್ಕೆ ಎರಡು ಟೀ ಉಳಿದಿದೆ. ಅದನ್ನು ನಾನು ಬಿಡಿಸಲು ಹೋಗಿಲ್ಲ.

ಎಚ್‌ಬಿಎ1ಸಿ ಮೂರು ತಿಂಗಳಿಗೆ 8.2. ಆರು ತಿಂಗಳಿಗೆ 7.5. ಮೊನ್ನೆ ಫೋನ್ ಮಾಡಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವ ಹೊತ್ತು, ಭತ್ತ ನಾಟಿಯ ಕಾಲ, ಈ ಸಲ ಹತ್ತು ದಿನ ಮನೆಗೆ ಬರಲು ಆಗುವುದಿಲ್ಲವಂತೆ. ಏನೇನು ತುಂಬಿಕೊಂಡಿದ್ದೀರಿ ಅಂತ ಕೇಳಿದೆ. ಮೂರೂ ಮಾತ್ರೆಗಳ ಹೆಸರು ಹೇಳಿದರು. ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಅಂತ ಹೇಳಿದರು. ದಾರಿಯಲ್ಲಿ ತಡವಾದರೆ ಎರಡು ದಿನದ್ದು ಜಾಸ್ತಿ ಇರಲಿ, ಡಾಕ್ಟರ ಚೀಟಿಯ ಫೋಟೋ ಫೋನಿನಲ್ಲಿರಲಿ, ರಾತ್ರಿ ಶೂ ಬಿಚ್ಚಿದಾಗ ಪಾದದಲ್ಲಿ ಗಾಯ, ಗುಳ್ಳೆ ಇದೆಯಾ ಅಂತ ನೋಡಿಕೊಳ್ಳಿ ಅಂದೆ. ಪಾದದ ವಿಷಯ ಇದುವರೆಗೆ ಯಾರೂ ಹೇಳಿರಲಿಲ್ಲ ಅಂದರು. ವಾಪಸ್ ಬಂದ ವಾರ ಡಾಕ್ಟರ ಹತ್ತಿರ ಪಾದದ ಪರೀಕ್ಷೆಗೆ, ಕಣ್ಣಿನ ಪರೀಕ್ಷೆಗೆ ದಿನ ಗೊತ್ತುಮಾಡಿಕೊಂಡಿದ್ದೇವೆ.