ಮರಿಯೇ ಬೇಕಾ, ದೊಡ್ಡ ನಾಯಿ ಆಗಲ್ವಾ?

ಪ್ರಶ್ನೆ: ಶೆಲ್ಟರ್‌ನಿಂದ ನಾಯಿಮರಿ ತರೋಣ ಅಂತ ಮಗಳು ಹಠ ಹಿಡಿದಿದ್ದಾಳೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಅಪಾರ್ಟ್‌ಮೆಂಟಿನ ಸಂಘದವರು ನಾಯಿ ಸಾಕುವಂತಿಲ್ಲ ಎನ್ನುತ್ತಾರೆ. ಏನು ಮಾಡಲಿ ಡಾಕ್ಟ್ರೇ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಸಂಘದ ಮಾತಿಗೆ ಹೆದರಬೇಡಮ್ಮ. ಸಾಕುನಾಯಿಗೆ ನಿಷೇಧ ಹೇರುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ.

ನನ್ನ ಚಿಂತೆ ಬೇರೆ. ಮರಿಗೆ ಹಗಲು ಯಾರಾದರೂ ಜೊತೆಗಿರಬೇಕು. ಊಟ ದಿನಕ್ಕೆ ಮೂರ್ನಾಲ್ಕು ಸಲ. ಲಸಿಕೆಗಳು ಪೂರ್ತಿಯಾಗುವ ತನಕ ಪಾರ್ವೋ ಎಂಬ, ವಾಂತಿ-ಭೇದಿ ತರುವ ವೈರಸ್ ರೋಗದ ಭಯ ಜಾಸ್ತಿ. ಈ ರೋಗ ಬಂದ ಮರಿಗಳಿಗೆ ಡ್ರಿಪ್ ಹಾಕಿ ರಾತ್ರಿಯೆಲ್ಲ ಕಾದಿದ್ದೇನೆ; ಎಲ್ಲವೂ ಉಳಿಯಲಿಲ್ಲ. ಅದಕ್ಕೇ ಹೇಳುತ್ತೇನೆ, ಎರಡು-ಮೂರು ವರ್ಷದ ನಾಟಿ ನಾಯಿ ತನ್ನಿ. ಅದರ ಸ್ವಭಾವ ಶೆಲ್ಟರ್‌ನವರಿಗೆ ಗೊತ್ತಿರುತ್ತದೆ. ಒಂಟಿಯಾಗಿ ಇರುತ್ತದಾ, ಮಕ್ಕಳ ಜೊತೆ ಹೇಗೆ, ಎಲ್ಲ ಕೇಳಿ. ಸಂತಾನಹರಣ ಆಪರೇಷನ್ ಆಗಿದೆಯಾ, ರೇಬೀಸ್ ಲಸಿಕೆ ಯಾವಾಗ ಹಾಕಿಸಿದ್ದಾರೆ ಅಂತ ಕಾರ್ಡ್ ನೋಡಿ. ಮಗಳನ್ನೂ ಕರೆದುಕೊಂಡು ಹೋಗಿ. ಒಂದೆರಡು ಸಲ ಸುಮ್ನೆ ಅದರ ಪಕ್ಕ ಕೂರಲಿ.

ನಾಲ್ಕು ದಿನ ರಜೆ ಇರುವಾಗ ಮನೆಗೆ ತನ್ನಿ. ಮಂಚದ ಕೆಳಗೆ ಅವಿತುಕೊಂಡರೆ ಎಳೆಯಬೇಡಿ. ಹೊಸ ಜಾಗಕ್ಕೆ ಹೊಂದಿಕೊಳ್ಳಲು ಕೆಲವು ನಾಯಿಗಳಿಗೆ ತಿಂಗಳುಗಳೇ ಬೇಕು.