ಕೃಷಿಹೊಂಡದ ಕಟಗಿ ಬಿಡದ ಹುಳ

ಪ್ರಶ್ನೆ: ನಮ್ಮ ಹೊಲದಾಗ ಕೃಷಿಹೊಂಡ ಅದ. ಅದರ ದಂಡಿಗೆ ಒಂದು ಕಟಗಿ ನಡಸೀವಿ. ಮಳಿ ಸುರು ಆದಾಗಿಂದ ಕರಿ-ಹಳದಿ ಪಟ್ಟಿ ಇರೋ ದೊಡ್ಡ ಹೆಲಿಕಾಪ್ಟರ್ ಹುಳ ಒಂದು ಆ ಕಟಗಿ ತುದೀಗೇ ಕೂಡ್ತದ. ಓಡಿಸಿದ್ರ ಒಂದು ಸುತ್ತು ಹಾಕಿ ಮತ್ತ ಅಲ್ಲೇ. ಕಚ್ತದೇನ್ರಿ? ಹೊಂಡದಾಗ ಸೊಳ್ಳಿ ಆಗ್ಯಾವ, ಸುಟ್ಟ ಆಯಿಲ್ ಸುರೀರಿ ಅಂತ ಮನ್ಯಾಗ ಅಂತಾರ. ಸುರೀಲೇನು?
– ರೈತರು, ಚಿತ್ತಾಪುರ ತಾಲ್ಲೂಕು

ಉತ್ತರ: ಆಯಿಲ್ ಬೇಡ್ರಿ. ಕಾರಣ ಆಮೇಲೆ ಹೇಳುತ್ತೇನೆ, ಮೊದಲು ಹುಳದ ಗುರುತು ಹಿಡಿಯೋಣ.

ನೀವು ಹೇಳಿದ್ದು ನೋಡಿದರೆ ಇದು ಕಾಮನ್ ಕ್ಲಬ್‌ಟೇಲ್ ಎಂಬ ಡ್ರ್ಯಾಗನ್‌ಫ್ಲೈ. ಉದ್ದ ಸುಮಾರು 7 ಸೆಂ.ಮೀ. ಬಾಲದ ತುದಿಯ ಹತ್ತಿರ ಎರಡೂ ಬದಿಗೆ ಎಲೆಯಂಥ ಚಾಚು ಇದೆಯೇ, ಕಣ್ಣುಗಳ ನಡುವೆ ಸಂದು ಇದೆಯೇ ನೋಡಿ. ಇದ್ದರೆ ಅದೇ. ಶಾಸ್ತ್ರೀಯ ಹೆಸರು ಇಕ್ಟಿನೊಗಾಂಫಸ್ ರೇಪ್ಯಾಕ್ಸ್. ಲ್ಯಾಟಿನ್‌ನಲ್ಲಿ ರೇಪ್ಯಾಕ್ಸ್ ಎಂದರೆ ಕಸಿದುಕೊಳ್ಳುವವ. ತಕ್ಕ ಹೆಸರು. ತೊಗರಿ ಹೊಲದ ಮೇಲೆ ಹಿಂಡುಹಿಂಡಾಗಿ ತೇಲುವ ಹೊಂಬಣ್ಣದ ಹುಳ ಬೇರೆ. ಅವು ಹಿಂದೂ ಮಹಾಸಾಗರ ದಾಟುವ ವಲಸಿಗರು. ನಿಮ್ಮದು ಊರು ಬಿಡದ ಗೌಡ.

ಆ ಕಟಗಿ ಅವನ ಕಾವಲುಕಟ್ಟೆ. ನೀರಿನ ಕಡೆ ಮುಖ ಮಾಡಿ ಕೂತು, ಹಾರಿ ಬಂದ ನೊಣ, ಚಿಟ್ಟೆಯನ್ನು ಗಾಳಿಯಲ್ಲೇ ಹಿಡಿಯುತ್ತಾನೆ, ಇನ್ನೊಂದು ಗಂಡು ಬಂದರೆ ಅಟ್ಟುತ್ತಾನೆ, ಮೊಟ್ಟೆಯಿಡಲು ಬರುವ ಹೆಣ್ಣಿಗೆ ಕಾಯುತ್ತಾನೆ. ಬಿಸಿಲು ನೆತ್ತಿಗೇರಿದಾಗ ಬಾಲ ಆಕಾಶಕ್ಕೆ ಎತ್ತಿ ನಿಲ್ಲುವುದೂ ಉಂಟು. ಮೈಗೆ ಬಿಸಿಲು ಕಡಿಮೆ ಬೀಳಲೆಂದು ಆ ಭಂಗಿ; ಕಲಬುರಗಿ ಬಿಸಿಲಿಗೆ ಹುಳವೂ ಉಪಾಯ ಕಲಿಯಲೇಬೇಕಲ್ಲ! ಕೊಂಡಿಯಿಲ್ಲ, ವಿಷವಿಲ್ಲ. ಕೈಯಲ್ಲಿ ಹಿಡಿದರೆ ದವಡೆಯಿಂದ ಚಿವುಟಬಹುದು, ಅಷ್ಟೇ. ಚಿಕ್ಕವನಿದ್ದಾಗ ಇವುಗಳ ಬಾಲಕ್ಕೆ ದಾರ ಕಟ್ಟಿ ಚಿವುಟಿಸಿಕೊಂಡವನ ಮಾತಿದು.

ಆದರೆ ನಿಮಗೆ ಕಾಣುವ ಈ ರೆಕ್ಕೆಯ ಬಾಳು ಕೆಲವೇ ವಾರಗಳದ್ದು. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಅದು ಹೊಂಡದ ತಳದ ರಾಡಿಯಲ್ಲಿ ಮರಿಯಾಗಿ ಕಳೆದಿರುತ್ತದೆ. ಮರಿಯ ಕೆಳದುಟಿ ಮಡಚಿದ ತೋಳಿನಂತಿದ್ದು, ಬೇಟೆ ಹತ್ತಿರ ಬಂದಾಗ ಥಟ್ಟನೆ ಮುಂದಕ್ಕೆ ಚಾಚಿ ಹಿಡಿಯುತ್ತದೆ. ಗೊದಮೊಟ್ಟೆ, ಮೀನಿನ ಮರಿಯನ್ನೂ ಬಿಡದು. ಉಸಿರಾಟ ಗುದದ್ವಾರದೊಳಗಿನ ಕಿವಿರಿನಿಂದ. ಗಾಬರಿಯಾದರೆ ಅಲ್ಲಿಂದಲೇ ನೀರು ಚಿಮ್ಮಿಸಿ ಜೆಟ್ಟಿನಂತೆ ಮುಂದೆ ನುಗ್ಗುತ್ತದೆ. ಚಿಟ್ಟೆಯ ಹಾಗೆ ಗೂಡಿನ ಹಂತ ಇದಕ್ಕಿಲ್ಲ. ಹಲವು ಸಲ ಪೊರೆ ಕಳಚಿ, ಕೊನೆಗೆ ನೀರಿಂದ ಮೇಲೇರಿ ಬೆನ್ನು ಸೀಳಿಕೊಂಡು ಹುಳವಾಗಿ ಹೊರಬರುತ್ತದೆ.

ಈಗ ಆಯಿಲ್ ವಿಷಯ. ಆ ಪದರ ಗಾಳಿ ನೀರಿಗೆ ಬೆರೆಯದಂತೆ ತಡೆಯುತ್ತದೆ. ತಳದ ಮರಿಗಳು, ಮೀನು, ಕಪ್ಪೆ ಎಲ್ಲಕ್ಕೂ ಉಸಿರು ಕಟ್ಟುತ್ತದೆ. ಅದೇ ನೀರನ್ನು ನೀವು ಬೆಳೆಗೂ ಬಿಡುತ್ತೀರಿ. ಹಾಗಂತ ಈ ಹುಳ ಸೊಳ್ಳೆಯನ್ನು ಪೂರಾ ಮುಗಿಸುತ್ತದೆ ಎಂದು ನಾನು ಭರವಸೆ ಕೊಡಲಾರೆ. ಸೊಳ್ಳೆಮರಿ ಮೇಲೆ, ಕ್ಲಬ್‌ಟೇಲ್ ಮರಿ ತಳದಲ್ಲಿ. ಮೇಲಿನ ನೀರಲ್ಲಿ ಬೇಟೆಯಾಡುವ ಬೇರೆ ಜಾತಿಯ ಮರಿಗಳೇ ಹೆಚ್ಚು ಕೆಲಸ ಮಾಡುತ್ತವೆ. ಡೆಂಗಿಯ ಸೊಳ್ಳೆ ಬೇಕಾದರೆ ಮನೆ ಮುಂದಿನ ಬ್ಯಾರಲ್ಲು, ಹಳೆಯ ಟೈರಿನಲ್ಲಿ ಹುಡುಕಿ, ವಾರಕ್ಕೊಮ್ಮೆ ಅವನ್ನು ಬರಿದು ಮಾಡಿ.

ಆಯಿಲ್‌ಗಿಂತ ನನಗೆ ಹೆದರಿಕೆ ಇನ್ನೊಂದರದ್ದು. ತೊಗರಿ ಹೂ ಬಿಟ್ಟಾಗ ಕಾಯಿಕೊರಕಕ್ಕೆ ಔಷಧಿ ಹೊಡೆದು, ಪಂಪನ್ನು ಅದೇ ಹೊಂಡದಲ್ಲಿ ತೊಳೆಯುವವರು ಬಹಳ. ತೊಳೆದ ನೀರನ್ನು ಹೊಂಡದಿಂದ ದೂರ ಚೆಲ್ಲಿ.

ನಿಮ್ಮದು ಪ್ಲಾಸ್ಟಿಕ್ ಹಾಸಿದ ಹೊಂಡವಾದರೆ ಮೇಲೇರಲು ಮರಿಗೆ ಹಿಡಿತ ಸಿಗದೆ ಜಾರುತ್ತದೆ. ನಾಲ್ಕೈದು ಒರಟು ಕಟಗಿಗಳನ್ನು ದಂಡೆಯಿಂದ ನೀರಿಗೆ ಓರೆಯಾಗಿ, ಹಾಳೆ ಹರಿಯದಂತೆ ಇಳಿಬಿಡಿ. ಮುಂಜಾನೆ ಹೋಗಿ ನೋಡಿ: ಬೆನ್ನು ಸೀಳಿದ ಒಣ ಪೊರೆ ಕಟಗಿಗೆ ಅಂಟಿಕೊಂಡಿದ್ದರೆ ಹೊಸಬನೊಬ್ಬ ಹಾರಿಹೋಗಿದ್ದಾನೆ.