ಕೂಲಿಂಗ್ ಟವರ್‌ನ ಸೈಕಲ್ ಏರಿಸಿ ನೀರು ಉಳಿಸಬಹುದೇ?

ತೈಲ ಸಂಸ್ಕರಣಾಗಾರದ ಕೂಲಿಂಗ್ ಟವರ್‌ನ ಸಾಂದ್ರತೆಯ ಸೈಕಲ್‌ಗಳನ್ನು, ಅಂದರೆ ನೀರು ಆವಿಯಾದಂತೆ ಟವರ್ ನೀರಿನ ಲವಣಗಳು ಮೂಲ ನೀರಿಗಿಂತ ಎಷ್ಟು ಪಟ್ಟು ಹೆಚ್ಚುತ್ತವೆ ಎಂಬ ಸಂಖ್ಯೆಯನ್ನು, 4ರಿಂದ 8ಕ್ಕೆ ಏರಿಸಿದರೆ ಹೇಗೆ ಎಂದು ಕೇಳಿದ್ದೀರಿ. ಯುಟಿಲಿಟಿ ವಿಭಾಗದ ಹೊಣೆ ನನ್ನ ಮೇಲಿದ್ದಾಗ ನಾನು ಮಾಡಿದ್ದೂ ಇದನ್ನೇ. ಲೆಕ್ಕ ಸರಿಯಾಗಿಯೇ ಇತ್ತು: ಗಂಟೆಗೆ 100 ಘನ ಮೀಟರ್ ಆವಿಯಾಗುವಲ್ಲಿ 4 ಸೈಕಲ್‌ಗೆ ಸುಮಾರು 133 ಘನ ಮೀಟರ್ ಮೇಕಪ್ ನೀರು (ಹೊಸದಾಗಿ ತುಂಬುವ ನೀರು) ಬೇಕು, 8ಕ್ಕೆ 114 ಸಾಕು.

ನಾನು ಎಡವಿದ್ದು ನೀರಿನಲ್ಲಿ ಕರಗಿರುವ ಸಿಲಿಕಾ ಎಂಬ ಖನಿಜದಲ್ಲಿ. ಪ್ರಯೋಗಾಲಯದಿಂದ ದಿನವೂ ವಾಹಕತೆ, ಕ್ಯಾಲ್ಸಿಯಂ ಗಡಸುತನ, ಪಿಎಚ್ ಇವುಗಳ ವರದಿ ತರಿಸುತ್ತಿದ್ದೆ. ಸಿಲಿಕಾವನ್ನು ಮಾತ್ರ ಕೇಳಲಿಲ್ಲ. ಮೂಲ ನೀರಿನಲ್ಲಿ ಲೀಟರಿಗೆ 35 ಮಿಲಿಗ್ರಾಂ ಇದ್ದ ಸಿಲಿಕಾ 4 ಸೈಕಲ್‌ನಲ್ಲಿ 140 ಆಗುತ್ತದೆ, ಅಂದರೆ ಸಾಮಾನ್ಯವಾಗಿ ಪಾಲಿಸುವ 150ರ ಮಿತಿಯ ಅಂಚಿನಲ್ಲಿ ನಿಲ್ಲುತ್ತದೆ. 8ಕ್ಕೆ ಹೋದರೆ 280. ಪಿಎಚ್ ಕೂಡ ಹೆಚ್ಚಿದ್ದುದರಿಂದ ಅದು ಮೆಗ್ನೀಸಿಯಂ ಜೊತೆ ಸೇರಿ ಹೀಟ್ ಎಕ್ಸ್‌ಚೇಂಜರ್‌ನ ಅತಿ ಬಿಸಿಯಾದ ತುದಿಯಲ್ಲಿ, ಕೊಳವೆಗಳ ಒಳಮೈಗೆ, ಪಿಂಗಾಣಿಯಂತಹ ತೆಳುವಾದ ಬಿಳಿ ಪದರವಾಗಿ ಅಂಟಿಕೊಂಡಿತು. ಕಾರ್ಬೊನೇಟ್ ಪದರವನ್ನು ನೊರೆಯೆಬ್ಬಿಸಿ ಕರಗಿಸುವ ಹೈಡ್ರೋಕ್ಲೋರಿಕ್ ಆಮ್ಲ ಅದರ ಮೇಲೆ ಹೆಚ್ಚೇನೂ ಕೆಲಸ ಮಾಡಲಿಲ್ಲ. ಕೊನೆಗೆ ಘಟಕವನ್ನೇ ನಿಲ್ಲಿಸಿ, ಕೊಳವೆಗಳನ್ನು ಅಧಿಕ ಒತ್ತಡದ ನೀರಿನಿಂದ ಕೆರೆಸಬೇಕಾಯಿತು. ಉಳಿಸಿದ್ದ ನೀರಿನ ಬೆಲೆ ಆ ಉತ್ಪಾದನಾ ನಷ್ಟದ ಮುಂದೆ ಲೆಕ್ಕಕ್ಕೇ ಬರಲಿಲ್ಲ.

ನನ್ನನ್ನು ಕೇಳಿದರೆ, ಬ್ಲೋಡೌನ್‌ನಿಂದ, ಅಂದರೆ ಲವಣ ಹೆಚ್ಚಾದ ಟವರ್ ನೀರನ್ನು ಹೊರಬಿಡುವುದನ್ನು ತಗ್ಗಿಸುವುದರಿಂದ, ಆರಂಭಿಸುವುದೇ ಸರಿಯಲ್ಲ. ಅದನ್ನು ಪೂರ್ತಿ ಸೊನ್ನೆಗಿಳಿಸಿದರೂ ಆ 100 ಘನ ಮೀಟರ್ ಆವಿಯಾಗಿ ಹೋಗಿಯೇ ಹೋಗುತ್ತದೆ; ಅದು ಇಳಿಯಬೇಕಾದರೆ ಟವರ್‌ಗೆ ಹೋಗುವ ಶಾಖ ಇಳಿಯಬೇಕು. ಬಿಸಿ ಉತ್ಪನ್ನದ ಶಾಖವನ್ನು ಕಚ್ಚಾ ತೈಲ ಕಾಯಿಸಲು ಬಳಸಿ, ಉಳಿದದ್ದನ್ನು ಸಾಧ್ಯವಾದಷ್ಟು ಗಾಳಿಯ ಕೂಲರ್‌ಗಳಲ್ಲಿ ತಣಿಸಿ, ಆಮೇಲಷ್ಟೇ ಟವರ್ ನೀರಿಗೆ ಬಿಡಬೇಕು. ಅದಕ್ಕೂ ಮೊದಲು ಸ್ಟೀಮ್ ಟ್ರ್ಯಾಪ್‌ಗಳನ್ನು, ಅಂದರೆ ಹಬೆಯ ಕೊಳವೆಗಳಿಂದ ತಣಿದ ನೀರನ್ನಷ್ಟೇ ಹೊರಬಿಡುವ ಕವಾಟಗಳನ್ನು, ಒಮ್ಮೆ ಸುತ್ತಿ ನೋಡಿ ಬನ್ನಿ. ಚರಂಡಿಗೆ ಹರಿಯುವ ಒಂದೊಂದು ಟನ್ ಕಂಡೆನ್ಸೇಟ್ (ಹಬೆ ತಣಿದು ಆದ ನೀರು) ಖನಿಜ ತೆಗೆದ ಬಿಸಿ ನೀರು. ಅದನ್ನು ತಯಾರಿಸುವಾಗ ಖನಿಜ ಹಿಡಿಯುವ ರೆಸಿನ್ ತೊಳೆಯಲು ಚೆಲ್ಲಿದ ನೀರು ಬೇರೆ. ಆದರೆ ಕಂಡೆನ್ಸೇಟ್‌ನಲ್ಲಿ ಎಣ್ಣೆಯ ಅಂಶವಿದೆಯೇ ಎಂದು ಪರೀಕ್ಷಿಸದೆ ಬಾಯ್ಲರ್‌ಗೆ ಮರಳಿಸಬೇಡಿ. ಕಚ್ಚಾ ತೈಲದ ಉಪ್ಪು ತೊಳೆಯುವ ಡೀಸಾಲ್ಟರ್‌ಗೆ ಹೊಸ ನೀರು ಕೊಡುತ್ತಿದ್ದರೆ ಅದನ್ನೂ ನಿಲ್ಲಿಸಿ, ಅಮೋನಿಯಾ ಮತ್ತು ಹೈಡ್ರೋಜನ್ ಸಲ್ಫೈಡ್ ತೆಗೆದ ಸೋರ್ ವಾಟರ್ (ಸಂಸ್ಕರಣೆಯಲ್ಲಿ ಈ ಅನಿಲಗಳು ಸೇರಿದ ಕೊಳೆ ನೀರು) ಕೊಡಿ; ಅದರಲ್ಲಿರುವ ಫೀನಾಲ್‌ನ ಬಹುಪಾಲು ತೈಲಕ್ಕೇ ಹೋಗುವುದರಿಂದ ತ್ಯಾಜ್ಯ ನೀರಿನ ಘಟಕದ ಹೊರೆಯೂ ಇಳಿಯುತ್ತದೆ.

ಇಷ್ಟಾದ ಮೇಲೂ ಸೈಕಲ್ ಏರಿಸಲೇಬೇಕೆಂದಿದ್ದರೆ, ಟವರ್ ನೀರಿನ ಒಂದು ಭಾಗವನ್ನು ಸುಣ್ಣ ಮತ್ತು ಮೆಗ್ನೀಸಿಯಂನಿಂದ ಸಂಸ್ಕರಿಸಿ ಸಿಲಿಕಾ ತೆಗೆಯುವ ವ್ಯವಸ್ಥೆ ಮೊದಲು ಆಗಲಿ.